ಓದುಗರ ಪ್ರಶ್ನೆಗೆ ಉತ್ತರ: ಡಂಡಾಕ್ ಗೆದ್ದದ್ದು ಯೂರೋಪಿನ ದುಡ್ಡಿನಿಂದಲೇ?

ಪ್ರಶ್ನೆ: ಮ್ಯಾನೇಜರ್ ಸ್ಟೀಫನ್ ಕೆನ್ನಿ ಡಂಡಾಕ್ ಎಂಬ ಸಣ್ಣ ಫುಟ್‌ಬಾಲ್ ಕ್ಲಬ್ಬನ್ನು ಐದು ವರ್ಷದಲ್ಲಿ ನಾಲ್ಕು ಸಲ ಐರ್ಲೆಂಡ್ ಲೀಗಿನ ಚಾಂಪಿಯನ್ ಮಾಡಿದರು ಎಂದು ಎಲ್ಲರೂ ಹೊಗಳುತ್ತಾರೆ. ಆದರೆ ಆ ಕ್ಲಬ್ಬಿಗೆ ಯೂರೋಪಿನ ಕ್ಲಬ್ಬುಗಳ ಎರಡನೇ ದರ್ಜೆಯ ಪಂದ್ಯಾವಳಿಯಾದ ಯೂರೋಪಾ ಲೀಗಿನಿಂದ ಕೋಟಿಗಟ್ಟಲೆ ದುಡ್ಡು ಬಂದಿತ್ತಲ್ಲ? ಅಷ್ಟು ದುಡ್ಡಿದ್ದರೆ ಯಾರು ಬೇಕಾದರೂ ಗೆಲ್ಲುತ್ತಿರಲಿಲ್ಲವೇ?

ಉತ್ತರ: ಇಲ್ಲ. ದುಡ್ಡು ಬಂದದ್ದು ನಿಜ, ಗೆದ್ದದ್ದೂ ನಿಜ. ಆದರೆ ಗೆಲುವು ಮೊದಲು ಬಂತು, ದುಡ್ಡು ಆಮೇಲೆ ಬಂತು. ಇದೇ ಪ್ರಶ್ನೆಗೆ ಇದೇ ಉತ್ತರವನ್ನು ಎಷ್ಟು ಸಲ ಕೊಟ್ಟರೂ ಅದು ಮತ್ತೆ ಎದ್ದು ಬರುತ್ತದೆ. ಆದ್ದರಿಂದ ಈ ಸಲ ಇಸವಿ, ತಿಂಗಳು, ಮೊತ್ತ ಎಲ್ಲವನ್ನೂ ಬರೆದು ಇಡುತ್ತೇನೆ. ದಯವಿಟ್ಟು ಒಮ್ಮೆ ನಿಧಾನವಾಗಿ ಓದಿ.

ಮೊದಲು ಕ್ಲಬ್ಬಿನ ವಿಚಾರ. ಡಂಡಾಕ್ ಡಬ್ಲಿನ್ ಮತ್ತು ಬೆಲ್‌ಫಾಸ್ಟ್ ನಡುವಿನ ಹಾದಿಯಲ್ಲಿ, ಉತ್ತರ ಐರ್ಲೆಂಡಿನ ಗಡಿಗೆ ಅಂಟಿಕೊಂಡಂತಿರುವ ಊರು. ಜನಸಂಖ್ಯೆ 40 ಸಾವಿರದ ಆಸುಪಾಸು. ಇಂಗ್ಲಿಷ್ ಕಾಗುಣಿತ ನೋಡಿ ‘ಡಂಡಾಲ್ಕ್’ ಎನ್ನುವವರಿದ್ದಾರೆ; ಅಲ್ಲಿನವರು ‘ಲ’ಕಾರವನ್ನು ಉಚ್ಚರಿಸುವುದಿಲ್ಲ. 1903ರಲ್ಲಿ ರೈಲ್ವೆ ಕೆಲಸಗಾರರು ಕಟ್ಟಿದ ತಂಡ ಇದು. ಮೈದಾನದ ಹೆಸರು ಓರಿಯಲ್ ಪಾರ್ಕ್. ಕೃತಕ ಹುಲ್ಲು, ಸುಮಾರು 4,500 ಜನ ಹಿಡಿಯುವ ಜಾಗ. 2012ರ ಋತುವಿನಲ್ಲಿ ಮೊನಹನ್ ಯುನೈಟೆಡ್ ನಡುವೆಯೇ ಲೀಗ್ ಬಿಟ್ಟು ಹೋದ ಮೇಲೆ ಉಳಿದ 11 ತಂಡಗಳಲ್ಲಿ ಡಂಡಾಕ್ ಕೊನೆಯದು. ವಾಟರ್‌ಫರ್ಡ್ ಯುನೈಟೆಡ್ ಎದುರಿನ ಪ್ಲೇ-ಆಫ್ (ನಿರ್ಣಾಯಕ ಹಣಾಹಣಿ) ಗೆದ್ದು ಮೇಲಿನ ವಿಭಾಗದಲ್ಲಿ ಹೇಗೋ ಉಳಿದುಕೊಂಡಿತು. ಕ್ಲಬ್ಬೇ ಮುಚ್ಚಿಹೋಗುವ ಸ್ಥಿತಿಯಲ್ಲಿದ್ದಾಗ ಊರಿನ ಇಬ್ಬರು ವ್ಯಾಪಾರಿಗಳು, ಆಂಡಿ ಕಾನಲಿ ಮತ್ತು ಪಾಲ್ ಬ್ರೌನ್, ಹೊಣೆ ಹೊತ್ತರು. ಅದೇ ವರ್ಷದ ಕೊನೆಗೆ ಕೆನ್ನಿ ಬಂದರು. ಅವರೂ ಗೆದ್ದು ಬಂದವರಲ್ಲ. ಕೆಲವೇ ವಾರಗಳ ಹಿಂದೆ, ಸೆಪ್ಟೆಂಬರಿನಲ್ಲಿ, ಡಬ್ಲಿನಿನ ಶಾಮ್‌ರಾಕ್ ರೋವರ್ಸ್ ಕ್ಲಬ್ ಅವರನ್ನು ಕೆಲಸದಿಂದ ತೆಗೆದಿತ್ತು.

ಈಗ ಇಸವಿಗಳನ್ನು ಸಾಲಾಗಿ ನೋಡಿ. 2013ರಲ್ಲಿ ಎರಡನೇ ಸ್ಥಾನ. 2014ರ ಅಕ್ಟೋಬರ್ 24ರಂದು, ಋತುವಿನ ಕೊನೆಯ ಪಂದ್ಯ. ಎದುರಾಳಿ ಕಾರ್ಕ್ ಸಿಟಿ ಒಂದು ಅಂಕ ಮುಂದಿತ್ತು, ಡ್ರಾ ಆಗಿದ್ದರೂ ಅವರಿಗೆ ಸಾಕಿತ್ತು. ಸ್ಟೀಫನ್ ಓ’ಡಾನೆಲ್ ಮತ್ತು ಬ್ರಯಾನ್ ಗಾರ್ಟ್‌ಲಂಡ್ ಗೋಲುಗಳಿಂದ ಡಂಡಾಕ್ 2-0 ಗೆದ್ದಿತು. 1995ರ ನಂತರ ಮೊದಲ ಪ್ರಶಸ್ತಿ. 2015ರಲ್ಲಿ ಲೀಗ್ ಜೊತೆಗೆ ಐರ್ಲೆಂಡಿನ ನಾಕೌಟ್ ಪಂದ್ಯಾವಳಿಯಾದ ಎಫ್‌ಎಐ ಕಪ್ಪನ್ನೂ ಗೆದ್ದರು. ಲೀಗಿನ 33 ಪಂದ್ಯಗಳಲ್ಲಿ ಸೋತದ್ದು ಒಂದೇ ಒಂದು. ಇಲ್ಲಿಯವರೆಗೆ ಎರಡು ಲೀಗ್ ಪ್ರಶಸ್ತಿಗಳಾದವು. ಈ ಹೊತ್ತಿಗೆ ಯೂರೋಪಿನಲ್ಲಿ ಅವರ ಸಾಧನೆ ಏನು? 2014ರಲ್ಲಿ ಲಕ್ಸೆಂಬರ್ಗಿನ ಒಂದು ತಂಡವನ್ನು ದಾಟಿ ಹೈದುಕ್ ಸ್ಪ್ಲಿಟ್‌ಗೆ ಸೋತರು. 2015ರಲ್ಲಿ ತಾವು ಆಡಿದ ಮೊದಲ ಸುತ್ತಿನಲ್ಲೇ ಬೆಲಾರೂಸಿನ ಬಾಟೆ ಬೊರಿಸೊವ್‌ಗೆ ಸೋತರು. ಅರ್ಹತಾ ಸುತ್ತುಗಳನ್ನು ದಾಟಿ ಮುಖ್ಯ ಘಟ್ಟವಾದ ಗುಂಪು ಹಂತ ಸೇರಿದವರಿಗೆ ಸಿಗುತ್ತಿದ್ದ ದೊಡ್ಡ ಮೊತ್ತ ಇವರ ಕೈಗೆ ಬಂದೇ ಇರಲಿಲ್ಲ.

ಆ ಮೊತ್ತದ ಬಾಗಿಲು ತೆರೆದದ್ದು 2016ರ ಆಗಸ್ಟ್ 2ರಂದು. ಯೂರೋಪಿನ ಅತಿದೊಡ್ಡ ಕ್ಲಬ್ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗಿನ ಮೂರನೇ ಅರ್ಹತಾ ಸುತ್ತಿನಲ್ಲಿ ಮತ್ತದೇ ಬಾಟೆ. ಅವರ ನೆಲದಲ್ಲಿ 0-1 ಸೋತಿದ್ದ ಡಂಡಾಕ್, ಡಬ್ಲಿನಿನ ಟಾಲಾ ಕ್ರೀಡಾಂಗಣದಲ್ಲಿ 3-0 ಗೆದ್ದು, ಎರಡು ಪಂದ್ಯಗಳ ಒಟ್ಟು ಗೋಲುಗಳಲ್ಲಿ ಸುತ್ತು ದಾಟಿತು. ಡೇವಿಡ್ ಮೆಕ್‌ಮಿಲನ್ ಎರಡು, ರಾಬಿ ಬೆನ್ಸನ್ ಒಂದು. ಆಗ ಈ ಸುತ್ತು ದಾಟಿದವರು ಮುಂದಿನ ಪ್ಲೇ-ಆಫ್ ಸೋತರೂ ಯೂರೋಪಾ ಲೀಗಿನ ಗುಂಪು ಹಂತಕ್ಕೆ ಇಳಿಯುತ್ತಿದ್ದರು. ಅಂದರೆ ಆ ರಾತ್ರಿಯೇ ದುಡ್ಡು ಖಾತ್ರಿಯಾಯಿತು. ಆದರೆ ಐರ್ಲೆಂಡಿನಲ್ಲಿ ಋತುವಿನ ನಡುವೆ ಆಟಗಾರರನ್ನು ಕೊಳ್ಳುವ ಅವಧಿ ಆಗ ಜುಲೈ ತಿಂಗಳಾಗಿತ್ತು. ಅದು ಎರಡು ದಿನದ ಹಿಂದೆ ಮುಗಿದಿತ್ತು! ಅದೇ ವರ್ಷ ಗೆದ್ದ ಮೂರನೇ ಲೀಗ್ ಪ್ರಶಸ್ತಿಯೂ ದುಡ್ಡು ಬರುವ ಮುಂಚೆ ಕಟ್ಟಿದ ತಂಡದ್ದೇ.

ಇನ್ನು ಮೊತ್ತ. ಆ ವರ್ಷ ಗುಂಪು ಹಂತ ತಲುಪಿದ ಪ್ರತಿ ತಂಡಕ್ಕೂ ಸುಮಾರು 26 ಲಕ್ಷ ಯೂರೋ. ಮೇಲೆ ಒಂದು ಗೆಲುವಿಗೆ 3.6 ಲಕ್ಷ, ಒಂದು ಡ್ರಾಗೆ 1.2 ಲಕ್ಷ. ಡಂಡಾಕ್ ಹಾಲೆಂಡಿನ ಎಝಡ್ ಅಲ್ಕ್‌ಮಾರ್ ಜೊತೆ ಅವರ ನೆಲದಲ್ಲೇ 1-1 ಡ್ರಾ ಮಾಡಿಕೊಂಡಿತು, ಮಕಾಬಿ ಟೆಲ್ ಅವೀವ್ ವಿರುದ್ಧ 1-0 ಗೆದ್ದಿತು. ಎರಡರಲ್ಲೂ ಗೋಲು ಕಿಯರನ್ ಕಿಲ್ಡಫ್ ಅವರದು. ಗುಂಪು ಹಂತದಲ್ಲಿ ಐರ್ಲೆಂಡಿನ ಕ್ಲಬ್ಬೊಂದು ಗಳಿಸಿದ ಮೊದಲ ಅಂಕ, ಮೊದಲ ಗೆಲುವು ಇವು. ಆಗ ಐರ್ಲೆಂಡ್ ಲೀಗ್ ಗೆದ್ದವರಿಗೆ ಸಿಗುತ್ತಿದ್ದ ಬಹುಮಾನ ಸುಮಾರು 1.1 ಲಕ್ಷ ಯೂರೋ. ಎಂಟು ತಿಂಗಳು ಆಡಿ ಲೀಗ್ ಗೆದ್ದದ್ದಕ್ಕಿಂತ ಅಲ್ಕ್‌ಮಾರಿನ ಒಂದು ಡ್ರಾ ಹೆಚ್ಚು ದುಡ್ಡು ತಂದಿತು. ಈ ಅಂತರ ಕಂಡೇ ಜನ ತಪ್ಪು ತೀರ್ಮಾನಕ್ಕೆ ಬರುವುದು, ಅದು ನನಗೆ ಅರ್ಥವಾಗುತ್ತದೆ.

ಹಾಗಾದರೆ ದುಡ್ಡು ಬ್ಯಾಂಕಿನಲ್ಲಿ ಇದ್ದ ಮೊದಲ ಪೂರ್ತಿ ಋತು ಯಾವುದು? 2017. ಆ ವರ್ಷ ಲೀಗ್ ಗೆದ್ದದ್ದು ಕಾರ್ಕ್ ಸಿಟಿ. ಎಫ್‌ಎಐ ಕಪ್ ಫೈನಲ್‌ನಲ್ಲಿ ಪೆನಾಲ್ಟಿಗಳಲ್ಲಿ ಡಂಡಾಕನ್ನು ಸೋಲಿಸಿದ್ದೂ ಕಾರ್ಕ್ ಸಿಟಿಯೇ. ಡಂಡಾಕಿಗೆ ದಕ್ಕಿದ್ದು ಲೀಗ್ ಕಪ್ ಮಾತ್ರ. ಬಡತನದಲ್ಲಿ ಗೆದ್ದು, ಕೈ ತುಂಬಿದ ವರ್ಷ ಲೀಗ್ ಕಳೆದುಕೊಂಡರು.

ಇನ್ನೂ ಒಪ್ಪದವರಿಗೆ ಇನ್ನೊಂದು ಪುರಾವೆ. ಕೆನ್ನಿ ಹೋದ ಮೇಲೆ, 2020ರಲ್ಲಿ, ಡಂಡಾಕ್ ಮತ್ತೊಮ್ಮೆ ಯೂರೋಪಾ ಗುಂಪು ಹಂತ ತಲುಪಿತು. ಆರ್ಸೆನಲ್, ಮೋಲ್ಡೆ, ರಾಪಿಡ್ ವಿಯೆನ್ನಾ ಇದ್ದ ಗುಂಪು. ಆರಕ್ಕೆ ಆರೂ ಸೋಲು. ಬಹುಮಾನದ ದುಡ್ಡು ಆಗಲೂ ಬಂತು. ನಾಲ್ಕೇ ವರ್ಷದಲ್ಲಿ, 2024ರಲ್ಲಿ, ಅದೇ ಕ್ಲಬ್ ಸಾಲದಲ್ಲಿ ಮುಳುಗಿ, ಪಟ್ಟಿಯ ಕೊನೆಗೆ ಬಿದ್ದು ಕೆಳಗಿನ ವಿಭಾಗಕ್ಕೆ ಇಳಿಯಿತು. ದುಡ್ಡೊಂದೇ ಗೆಲ್ಲಿಸುವುದಾಗಿದ್ದರೆ ಹೀಗಾಗುತ್ತಿರಲಿಲ್ಲ.

ನಾಲ್ಕನೇ ಪ್ರಶಸ್ತಿಯ ವಿಷಯದಲ್ಲಿ ಮಾತ್ರ ನಿಮ್ಮ ಮಾತಿನಲ್ಲಿ ಸ್ವಲ್ಪ ಹುರುಳಿದೆ. 2018ರ ಜನವರಿಯಲ್ಲಿ ಅಮೆರಿಕದ ಪೀಕ್6 ಎಂಬ ಹೂಡಿಕೆ ಸಂಸ್ಥೆಯ ಗುಂಪು ಕ್ಲಬ್ಬನ್ನು ಕೊಂಡಿತು. ಆ ವರ್ಷದ ಡಂಡಾಕ್ ಉಳ್ಳವರ ತಂಡವೇ. 36 ಪಂದ್ಯಗಳಲ್ಲಿ 87 ಅಂಕದ ದಾಖಲೆ, ಜೊತೆಗೆ ಎಫ್‌ಎಐ ಕಪ್. ಆದರೂ ತಂಡದ ಬೆನ್ನೆಲುಬು ನೋಡಿ: ಗ್ಯಾರಿ ರಾಜರ್ಸ್, ಶಾನ್ ಗ್ಯಾನನ್, ಗಾರ್ಟ್‌ಲಂಡ್, ಡೇನ್ ಮ್ಯಾಸಿ, ಕ್ರಿಸ್ ಶೀಲ್ಡ್ಸ್, ಪ್ಯಾಟ್ರಿಕ್ ಹೋಬನ್. ಎಲ್ಲರೂ ಅಮೆರಿಕನ್ನರಿಗಿಂತ ವರ್ಷಗಟ್ಟಲೆ ಮುಂಚೆ ಡಂಡಾಕ್ ಅಂಗಿ ತೊಟ್ಟವರು.

ಹಾಗಿದ್ದರೆ ಕೆನ್ನಿ ಮಾಡಿದ್ದೇನು? ಇದಕ್ಕೆ ಐರ್ಲೆಂಡ್ ಲೀಗಿನ ಕರಾರು ಹೇಗಿರುತ್ತಿತ್ತು ಎಂದು ತಿಳಿದಿರಬೇಕು. ಋತು ಫೆಬ್ರವರಿ-ಮಾರ್ಚಿನಲ್ಲಿ ಶುರುವಾಗಿ ಅಕ್ಟೋಬರ್-ನವೆಂಬರಿಗೆ ಮುಗಿಯುತ್ತದೆ. ಬಹಳಷ್ಟು ಆಟಗಾರರಿಗೆ ಆಗ ಒಂದೇ ವರ್ಷದ ಕರಾರು, ಸಂಬಳ ಸುಮಾರು 40 ವಾರಕ್ಕೆ ಮಾತ್ರ. ಉಳಿದ ವಾರಗಳಲ್ಲಿ ಬೇರೆ ದುಡಿಮೆ ನೋಡಿಕೊಳ್ಳಬೇಕಿತ್ತು. ಬಾಟೆ ವಿರುದ್ಧ ಎರಡು ಗೋಲು ಹೊಡೆದ ಮೆಕ್‌ಮಿಲನ್ ವೃತ್ತಿಯಿಂದ ವಾಸ್ತುಶಿಲ್ಪಿ. ಈ ಪದ್ಧತಿಯಿಂದ ಎರಡು ಪರಿಣಾಮ. ಪ್ರತಿ ನವೆಂಬರಿನಲ್ಲೂ ಒಳ್ಳೆಯ ಆಟಗಾರರು ಕರಾರು ಮುಗಿದು ಸಿಗುತ್ತಿದ್ದರು; ನಿಮ್ಮ ಒಳ್ಳೆಯ ಆಟಗಾರರೂ ಹಾಗೆಯೇ ಕೈಬಿಟ್ಟು ಹೋಗುತ್ತಿದ್ದರು. ಹೆಚ್ಚಿನ ಮ್ಯಾನೇಜರುಗಳು ಎರಡನೆಯದರ ಬಗ್ಗೆ ಗೋಳಾಡುತ್ತಿದ್ದರು. ಕೆನ್ನಿ ಮೊದಲನೆಯದನ್ನು ಬಳಸಿಕೊಂಡರು.

ಅವರು ಕರೆತಂದದ್ದು ಬೇರೆಯವರು ಬೇಡವೆಂದವರನ್ನು, ಅಥವಾ ಯಾರೂ ನೋಡದೆ ಬಿಟ್ಟವರನ್ನು. ಹೋಬನ್ ಗಾಲ್ವೇಯ ಮರ್ವ್ಯೂ ಯುನೈಟೆಡ್ ಎಂಬ ಕೆಳ ವಿಭಾಗದ ತಂಡದಿಂದ ಬಂದು 2014ರಲ್ಲಿ ಲೀಗಿನಲ್ಲಿ 20 ಗೋಲು ಹೊಡೆದರು. ಸೆಲ್ಟಿಕ್‌ನಲ್ಲಿ ನೆಲೆ ಕಾಣದೆ, ಸ್ಕಾಟ್ಲೆಂಡಿನಲ್ಲಿ ರೈಟ್ ಬ್ಯಾಕ್ (ಬಲ ಅಂಚಿನ ರಕ್ಷಣೆ) ಜಾಗದಲ್ಲಿ ಆಡುತ್ತಿದ್ದ ರಿಚಿ ಟವಲ್ ಅವರನ್ನು ಮಿಡ್‌ಫೀಲ್ಡಿನ ಮುಂಭಾಗಕ್ಕೆ ತಂದರು. 2015ರಲ್ಲಿ ಲೀಗಿನಲ್ಲಿ 25 ಗೋಲು. ಒಬ್ಬ ಆಟಗಾರನನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದಕ್ಕೆ ಒಂದು ಯೂರೋವೂ ಖರ್ಚಾಗುವುದಿಲ್ಲ. ಡ್ಯಾರಿಲ್ ಹಾರ್ಗನ್ ಕಾರ್ಕ್ ಸಿಟಿಯಿಂದ ಬಂದು ವಿಂಗ್‌ನಲ್ಲಿ ಮಿಂಚಿದರು.

ಕೆನ್ನಿ ಚೆಂಡನ್ನು ಉದ್ದಕ್ಕೆ ಒದೆಸುತ್ತಿರಲಿಲ್ಲ. ರಕ್ಷಣೆಯ ಎರಡು ಅಂಚುಗಳಲ್ಲಿ ಆಡುವ ಫುಲ್ ಬ್ಯಾಕ್‌ಗಳು, ಬಲಕ್ಕೆ ಗ್ಯಾನನ್, ಎಡಕ್ಕೆ ಮ್ಯಾಸಿ, ಅರ್ಧ ಮೈದಾನ ದಾಟಿ ಮುಂದೆ ಹೋಗುತ್ತಿದ್ದರು. ಇದರಲ್ಲಿ ಅಪಾಯವೂ ಉಂಟು: ಚೆಂಡು ಕಳೆದುಕೊಂಡರೆ ಹಿಂದಿನ ಎರಡೂ ಮೂಲೆ ಖಾಲಿ. ಆ ಜಾಗ ಮುಚ್ಚಲು ಶೀಲ್ಡ್ಸ್ ತರಹದ ಒಬ್ಬ ಆಟಗಾರ ಮಿಡ್‌ಫೀಲ್ಡಿನಲ್ಲಿ ಹಿಂದೆಯೇ ನಿಲ್ಲಬೇಕು. ಹೋಬನ್, ಟವಲ್, ಹಾರ್ಗನ್ ಸುದ್ದಿಯಾದರು. ಶೀಲ್ಡ್ಸ್ ಹೆಸರು ಹೇಳುವವರು ಕಡಿಮೆ, ಅದು ಅನ್ಯಾಯ.

ಗೆದ್ದ ತಂಡ ಉಳಿಯಲಿಲ್ಲ, ಅದು ಇನ್ನೂ ಮುಖ್ಯ. 2014 ಮುಗಿದಾಗ ಹೋಬನ್ ಇಂಗ್ಲೆಂಡಿಗೆ ಹೋದರು (2018ರ ತಂಡಕ್ಕೆ ಮರಳಿದರು), 2015 ಮುಗಿದಾಗ ಟವಲ್ ಬ್ರೈಟನ್‌ಗೆ, 2016 ಮುಗಿದಾಗ ಹಾರ್ಗನ್ ಮತ್ತು ಆಂಡಿ ಬಾಯ್ಲ್ ಪ್ರೆಸ್ಟನ್‌ಗೆ. ಹೋಬನ್ ಜಾಗಕ್ಕೆ ಮೆಕ್‌ಮಿಲನ್ ಆಗಲೇ ತಂಡದಲ್ಲಿದ್ದರು. ಟವಲ್ ಜಾಗಕ್ಕೆ ವಿಶ್ವವಿದ್ಯಾಲಯದ ತಂಡವಾದ ಯುಸಿಡಿಯಿಂದ ಬೆನ್ಸನ್, ಡೆರಿಯಿಂದ ಪ್ಯಾಟ್ರಿಕ್ ಮೆಕ್‌ಎಲೆನಿ. ಹಾರ್ಗನ್ ಜಾಗಕ್ಕೆ ಮೈಕಲ್ ಡಫಿ. ಹೊಸ ಜೋಡಣೆ ಕೂಡಿಬರಲು ತಡವಾದ ವರ್ಷವೇ 2017. ಆ ಸೋಲಿಗೆ ನಿಜವಾದ ಕಾರಣ ಇದು.

ಈ ಕೌಶಲ ಒಂದೇ ದಿನದಲ್ಲಿ ಬಂದದ್ದೂ ಅಲ್ಲ. 1971ರಲ್ಲಿ ಹುಟ್ಟಿದ ಕೆನ್ನಿ ಮೂವತ್ತರೊಳಗೇ ಲಾಂಗ್‌ಫರ್ಡ್ ಟೌನನ್ನು ಮೇಲಿನ ವಿಭಾಗಕ್ಕೆ ಏರಿಸಿದ್ದರು. ಬೊಹೀಮಿಯನ್ಸ್ ಜೊತೆ 2002-03ರ ಲೀಗ್. 2006ರಲ್ಲಿ ಡೆರಿ ಸಿಟಿಯಿಂದ ಸ್ವೀಡನ್ನಿನ ಗೋಥೆನ್‌ಬರ್ಗನ್ನು ಸೋಲಿಸಿ, ಸ್ಕಾಟ್ಲೆಂಡಿನಲ್ಲಿ ಗ್ರೆಟ್ನಾ ವಿರುದ್ಧ 5-1 ಗೆದ್ದರು. ಅದೇ ವರ್ಷ ಲೀಗ್ ಕೈ ತಪ್ಪಿದ್ದು ಗೋಲು ಅಂತರದಲ್ಲಿ. ಆಮೇಲೆ ಡನ್‌ಫರ್ಮ್‌ಲಿನ್‌ನಲ್ಲಿ ಸ್ಕಾಟಿಷ್ ಕಪ್ ಫೈನಲ್ ತಲುಪಿದ ಋತುವಿನಲ್ಲೇ ಕೆಳ ವಿಭಾಗಕ್ಕೂ ಇಳಿದರು.

ಯಾರೂ ಕೇಳಿಲ್ಲ, ಆದರೂ ಹೇಳಲೇಬೇಕು: ಇಷ್ಟೆಲ್ಲ ಬಲ್ಲವರು ಐರ್ಲೆಂಡ್ ರಾಷ್ಟ್ರೀಯ ತಂಡದಲ್ಲಿ ಏಕೆ ಎಡವಿದರು? 2018ರ ನವೆಂಬರಿನಲ್ಲಿ ಡಂಡಾಕ್ ಬಿಟ್ಟು 21ರೊಳಗಿನವರ ತಂಡಕ್ಕೆ ಹೋದರು, 2020ರ ಏಪ್ರಿಲಿನಿಂದ ಹಿರಿಯರ ತಂಡ. 40 ಪಂದ್ಯ, 11 ಗೆಲುವು. ಮೊದಲ ಗೆಲುವು ಸಿಕ್ಕಿದ್ದು 12ನೇ ಪಂದ್ಯದಲ್ಲಿ, ಅದೂ ಆಂಡೊರಾ ವಿರುದ್ಧ. ಕ್ಲಬ್ ಮ್ಯಾನೇಜರಿಗೆ ವರ್ಷದ 40 ವಾರ ಆಟಗಾರರು ಕಣ್ಣೆದುರೇ ಇರುತ್ತಾರೆ. ಫುಲ್ ಬ್ಯಾಕ್ ಯಾವಾಗ ಓಡಬೇಕು, ಅವನ ಜಾಗ ಯಾರು ಮುಚ್ಚಬೇಕು ಎಂಬುದನ್ನು ಸಾವಿರ ಸಲ ಮಾಡಿಸಬಹುದು. ರಾಷ್ಟ್ರೀಯ ತಂಡದಲ್ಲಿ ಪಂದ್ಯಕ್ಕೆ ಮುಂಚೆ ಸಿಗುವುದು ಮೂರು-ನಾಲ್ಕು ದಿನ. ಆಟಗಾರ ಸಾಲದಿದ್ದರೆ ಬೇರೆಡೆಯಿಂದ ಕರೆತರುವ ದಾರಿಯೂ ಇಲ್ಲ. ಕೆನ್ನಿಯ ಎರಡು ಬಲಗಳೂ, ಆಟಗಾರರನ್ನು ಹುಡುಕುವುದು ಮತ್ತು ದಿನನಿತ್ಯ ತಿದ್ದುವುದು, ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಕೋವಿಡ್ ಕಾಲ ಬೇರೆ: 2020ರ ಅಕ್ಟೋಬರಿನಲ್ಲಿ ಸ್ಲೊವಾಕಿಯಾ ವಿರುದ್ಧದ ನಿರ್ಣಾಯಕ ಪ್ಲೇ-ಆಫ್‌ಗೆ ಆರನ್ ಕಾನಲಿ ಮತ್ತು ಆಡಂ ಐಡಾ ಕೊನೆ ಗಳಿಗೆಯಲ್ಲಿ ಹೊರಗುಳಿದರು, ಪಂದ್ಯ ಪೆನಾಲ್ಟಿಗಳಲ್ಲಿ ಹೋಯಿತು. ಹಾಗೆಂದು ಗವಿನ್ ಬಝೂನು, ಎವನ್ ಫರ್ಗುಸನ್ ಅವರಂಥ ಹುಡುಗರಿಗೆ ಮೊದಲ ಅವಕಾಶ ಕೊಟ್ಟವರು ಕೆನ್ನಿಯೇ ಎಂಬುದನ್ನು ಮರೆಯಬಾರದು.

2023ರ ನವೆಂಬರಿನಲ್ಲಿ ಆ ಕೆಲಸ ಮುಗಿಯಿತು. 2024ರ ಮೇ ತಿಂಗಳಲ್ಲಿ ಅವರು ಡಬ್ಲಿನಿನ ಸೇಂಟ್ ಪ್ಯಾಟ್ರಿಕ್ಸ್ ಅಥ್ಲೆಟಿಕ್ ಸೇರಿ, ಋತು ಮುಗಿಯುವುದರೊಳಗೆ ತಂಡವನ್ನು ಮೂರನೇ ಸ್ಥಾನಕ್ಕೆ ತಂದರು. ಡಂಡಾಕ್ ಕೊನೆಯ ಸ್ಥಾನಕ್ಕೆ ಬಿದ್ದದ್ದೂ ಅದೇ ಋತುವಿನಲ್ಲಿ.