ವೆಬ್‌ಗೆ ಹಾಕೋಕೆ 72 ಡಿಪಿಐ ಮಾಡಬೇಕಾ? ಬೇಡ್ರೀ, ಬೇಡ

ಪ್ರಶ್ನೆ: "ಸರ್, ನಾನು ಎ4 ಹಾಳೆ ಮೇಲೆ ಇಂಕ್ ಪೆನ್ನಿನಿಂದ ಕಾಮಿಕ್ಸ್ ಬಿಡಿಸ್ತೀನಿ. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ವೆಬ್‌ಗೆ ಅಂತ 72 ಡಿಪಿಐ ಮಾಡಿ ಹಾಕಿದೆ. ಫೋನಿನಲ್ಲಿ ಗೆರೆಗಳೆಲ್ಲ ಮಸುಕು, ಮಾತಿನ ಗುಳ್ಳೆಯೊಳಗಿನ ಅಕ್ಷರ ಓದೋಕೆ ಆಗ್ತಿಲ್ಲ. ಹಾಗಾದರೆ ಎಷ್ಟು ಡಿಪಿಐ ಇಡಬೇಕು?"

ಈ ಪ್ರಶ್ನೆ ಕೇಳಿದವರಲ್ಲಿ ನೀವು ಎಷ್ಟನೆಯವರೋ, ನಾನು ಎಣಿಸೋದು ಬಿಟ್ಟಿದ್ದೇನೆ. ಗಂಗಾವತಿಯಿಂದ ಕೇಳಿದ್ದಾರೆ, ಸಿಂಧನೂರಿನಿಂದ ಕೇಳಿದ್ದಾರೆ, ಇಲ್ಲೇ ಕೊಪ್ಪಳದಲ್ಲಿ ನಮ್ಮ ಓಣಿಯ ಹುಡುಗ ಗವಿಮಠದ ಜಾತ್ರೆಯ ಗದ್ದಲದಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿ ಕೇಳಿದ್ದಾನೆ. ತೇರು ಎಳೆಯೋ ಹೊತ್ತಿಗೆ ಡಿಪಿಐ!

ಉತ್ತರ ಸಣ್ಣದು. ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಅನ್ನೋ ಲೆಕ್ಕ) ಮರೆತುಬಿಡಿ, ಚಿತ್ರದ ಅಗಲ ಎಷ್ಟು ಪಿಕ್ಸೆಲ್, ಅಂದರೆ ಒಟ್ಟು ಎಷ್ಟು ಚುಕ್ಕೆ, ಅಂತ ನೋಡಿ. ಫೋನಿನಲ್ಲಿ ಓದುವವರಿಗೆ 1080 ಪಿಕ್ಸೆಲ್ ಅಗಲ ಸಾಕು. ಲ್ಯಾಪ್‌ಟಾಪಿನಲ್ಲೂ ಚೆನ್ನಾಗಿ ಕಾಣಲಿ ಅಂದರೆ 1600 ಇಡಿ. ನೀವು ಹಾಕುವ ತಾಣ ತನ್ನದೇ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿ, ಉದಾಹರಣೆಗೆ ಕಾಮಿಕ್ಸ್ ಹಾಕುವ ತಾಣ ವೆಬ್‌ಟೂನ್ ಕ್ಯಾನ್ವಾಸ್‌ನಲ್ಲಿ ಅಗಲ 800 ಪಿಕ್ಸೆಲ್.

ಇಲ್ಲಿಗೇ ಮುಗಿಸಬಹುದಿತ್ತು. ಮುಗಿಯಲ್ಲ ಅಂತ ಗೊತ್ತು. ನಾಳೆ ಬೆಳಗ್ಗೆ "ಸರ್, 1080 ಮಾಡಿದೆ, ಈಗ ಡಿಪಿಐ 72 ಇಡಲಾ 96 ಇಡಲಾ" ಅಂತ ಬಂದೇ ಬರ್ತೀರಿ. ಅದಕ್ಕೇ ಈ 72ರ ಭೂತವನ್ನು ಇವತ್ತು ಬಿಡಿಸಿಯೇ ಕಳಿಸ್ತೀನಿ, ಕೂತ್ಕೊಳ್ಳಿ.

ಭತ್ತದ ನಾಟಿ ನೋಡಿದ್ದೀರಲ್ವಾ? ನಮ್ಮ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಊರುಗಳಲ್ಲಿ, ನೋಡದವರು ಯಾರು. ಸಸಿಮಡಿಯಿಂದ ಕಿತ್ತು ತಂದ ಸಸಿ ಒಟ್ಟು ಎಷ್ಟಿವೆ ಅನ್ನೋದು ಪಿಕ್ಸೆಲ್. ಒಂದೊಂದು ಅಡಿಗೆ ಎಷ್ಟು ಸಸಿ ನೆಡಬೇಕು ಅಂತ ಚೀಟಿಯಲ್ಲಿ ಬರೆದು ಕಟ್ಟಿನ ಮೇಲೆ ಸಿಕ್ಕಿಸಿದರೆ ಅದು ಡಿಪಿಐ. ಚೀಟಿಯಲ್ಲಿ ನೀವು 300 ಬರೆಯಿರಿ, 72 ಬರೆಯಿರಿ, ಕಟ್ಟಿನಲ್ಲಿರುವ ಸಸಿ ಒಂದೂ ಹೆಚ್ಚಾಗಲ್ಲ, ಒಂದೂ ಕಡಿಮೆಯಾಗಲ್ಲ. ಪ್ರಿಂಟರ್ ಆ ಚೀಟಿ ಓದುತ್ತದೆ, ಯಾಕಂದರೆ ಅದಕ್ಕೆ ಕಾಗದದ ಮೇಲೆ ಎಷ್ಟು ಇಂಚು ಜಾಗ ಹಿಡಿಯಬೇಕು ಅಂತ ಗೊತ್ತಾಗಬೇಕು. ಬ್ರೌಸರಿಗೆ ಇಂಚಿನ ಗೊಡವೆಯೇ ಇಲ್ಲ. ಪರದೆಯ ಸಾಲುಗಳು ಕಾರ್ಖಾನೆಯಲ್ಲೇ ನಿಗದಿಯಾಗಿವೆ. ಅದು ಸಸಿ ಎಣಿಸುತ್ತದೆ, ಚೀಟಿಯನ್ನು ಬದುವಿನ ಮೇಲೆ ಎಸೆಯುತ್ತದೆ.

ನಂಬಿಕೆ ಬರಲಿಲ್ಲವಾ? ನೀವೇ ಮಾಡಿ ನೋಡಿ, ಐದು ನಿಮಿಷದ ಕೆಲಸ. ಗಿಂಪ್ ಅನ್ನೋ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಒಂದು ಚಿತ್ರ ತೆರೆಯಿರಿ. ಇಮೇಜ್ ಮೆನುವಿನಲ್ಲಿ ಪ್ರಿಂಟ್ ಸೈಜ್ ಅಂತ ಇದೆ. ಅಲ್ಲಿ ರೆಸಲ್ಯೂಶನ್ 72 ಅಂತ ಇಟ್ಟು ಒಂದು ಪಿಎನ್‌ಜಿ ಮಾಡಿ. 300 ಅಂತ ಇಟ್ಟು ಇನ್ನೊಂದು. ಬರೀ 1 ಅಂತ ಇಟ್ಟು ಮೂರನೆಯದು, ಹೌದು ಒಂದೇ ಒಂದು. ಮೂರನ್ನೂ ಬ್ರೌಸರಿನಲ್ಲಿ ತೆರೆಯಿರಿ. ಮೂರೂ ಒಂದೇ ಗಾತ್ರ, ಒಂದೇ ಸ್ಪಷ್ಟತೆ. ಫೈಲಿನ ತೂಕದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲ್ಲ. ನನ್ನ ಹತ್ತಿರ ಚಿತ್ರ ಕಲಿಯೋಕೆ ಬರೋ ಮಕ್ಕಳಿಗೆ ಇದನ್ನು ಮಾಡಿಸ್ತೀನಿ. ಹತ್ತು ವರ್ಷದ ಹುಡುಗಿಗೆ ಒಂದೇ ಸಲಕ್ಕೆ ತಿಳಿಯಿತು. ಅವಳ ಅಪ್ಪನಿಗೆ ಇನ್ನೂ ಅನುಮಾನ.

ಅಪ್ಪನ ಅನುಮಾನಕ್ಕೂ ಕಾರಣ ಇದೆ, ಅದನ್ನೂ ಹೇಳಬೇಕು. ಅವರು ಫೋಟೋಶಾಪ್‌ನಲ್ಲಿ ಇಮೇಜ್ ಸೈಜ್ ತೆರೆದು 300 ಅಳಿಸಿ 72 ಹೊಡೆದು ಓಕೆ ಒತ್ತಿದಾಗ ಚಿತ್ರ ನಿಜವಾಗಿಯೂ ಚಿಕ್ಕದಾಗಿತ್ತು, ಫೈಲ್ ಹಗುರಾಗಿತ್ತು, ಕಣ್ಣಾರೆ ನೋಡಿದ್ದಾರೆ. ಆದರೆ ಆ ಕೆಲಸ ಮಾಡಿದ್ದು 72 ಅಲ್ಲ. ಕೆಳಗೆ ರೀಸ್ಯಾಂಪಲ್ ಅಂತ ಒಂದು ಸಣ್ಣ ಟಿಕ್ ಇದೆ. ಟಿಕ್ ಇದ್ದರೆ ಫೋಟೋಶಾಪ್ "ಇಂಚು ಅಷ್ಟೇ ಇರಲಿ, ಸಸಿ ಕಡಿಮೆ ಮಾಡು" ಅಂತ ತಿಳಿದು ಕಿತ್ತು ಬಿಸಾಡುತ್ತದೆ. ಟಿಕ್ ತೆಗೆದು ಅದೇ 72 ಹೊಡೆಯಿರಿ, ಒಂದು ಪಿಕ್ಸೆಲ್ಲೂ ಅಲುಗಾಡಲ್ಲ. ಮನೆಗೆ ಬೆಕ್ಕು ಬಂದಾಗಲೇ ಮಳೆ ಬಂತು ಅಂತ ಬೆಕ್ಕೇ ಮಳೆ ತಂತು ಅನ್ನೋಕಾಗುತ್ತಾ?

ಈಗ ನಿಮ್ಮ ಚಿತ್ರಕ್ಕೆ ಏನಾಯಿತು ಅಂತ ಲೆಕ್ಕ ಹಾಕೋಣ. ಎ4 ಅಗಲ 210 ಮಿಲಿಮೀಟರ್. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 2480 ಪಿಕ್ಸೆಲ್. ಟಿಕ್ ಇಟ್ಟೇ 72 ಮಾಡಿದಿರಿ, ಉಳಿದದ್ದು 595. ಈಗಿನ ಸಾಧಾರಣ ಫೋನಿನ ಪರದೆಯೇ 1080 ಪಿಕ್ಸೆಲ್ ಅಗಲ. 595 ಅನ್ನು 1080ಕ್ಕೆ ಎಳೆದು ಹಿಗ್ಗಿಸಿದರೆ ಮಸುಕಾಗದೆ ಇನ್ನೇನಾಗುತ್ತೆ. ತಪ್ಪು ನಿಮ್ಮ ಪೆನ್ನಿನದಲ್ಲ, ಸ್ಕ್ಯಾನರಿನದೂ ಅಲ್ಲ.

ಹಾಗಾದರೆ ಈ 72 ಬಂದಿದ್ದಾದರೂ ಎಲ್ಲಿಂದ? 1984ರಲ್ಲಿ ಬಂದ ಮೊದಲ ಆಪಲ್ ಮ್ಯಾಕಿಂಟಾಷ್‌ನ ಪರದೆಯಲ್ಲಿ ಇಂಚಿಗೆ 72 ಪಿಕ್ಸೆಲ್ ಇದ್ದವು. ಅಚ್ಚಿನ ಲೆಕ್ಕದಲ್ಲಿ ಒಂದು ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ. ಪರದೆಯಲ್ಲಿ ಕಂಡ ಅಳತೆಯೇ ಕಾಗದದಲ್ಲೂ ಬರಲಿ ಅಂತ ಹಾಗೆ ಮಾಡಿದ್ದರು, ಜಾಣ ಕೆಲಸವೇ. ಆ ಪರದೆ ಎಷ್ಟಿತ್ತು ಗೊತ್ತಾ, 512 ಪಿಕ್ಸೆಲ್ ಅಗಲ, 342 ಎತ್ತರ. ಆಮೇಲೆ ವಿಂಡೋಸ್ ಇಂಚಿಗೆ 96 ಅಂತ ಇಟ್ಟುಕೊಂಡಿತು. ಈಗ ನಿಮ್ಮ ಕೈಯಲ್ಲಿರುವ ಆರೂವರೆ ಇಂಚಿನ ಫೋನಿನಲ್ಲಿ ಇಂಚಿಗೆ ಸುಮಾರು 400 ಪಿಕ್ಸೆಲ್. 15.6 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪಿನಲ್ಲಿ 141. ನಿಮ್ಮ ಮನೆಯಲ್ಲಿರುವ ಫೋನು, ಲ್ಯಾಪ್‌ಟಾಪು ಯಾವುದರಲ್ಲೂ 72 ಇಲ್ಲ. ಮ್ಯಾಕಿಂಟಾಷ್ ಹೋಯಿತು, ಅದರ ಸಂಖ್ಯೆ ಮಾತ್ರ ಡಿಟಿಪಿ ಅಂಗಡಿಗಳಲ್ಲಿ ಉಳಿದುಕೊಂಡಿತು. "ಪ್ರಿಂಟಿಗಾದ್ರ 300, ವೆಬ್ಬಿಗಾದ್ರ 72 ನೋಡ್ರಿ, ಇದಿಷ್ಟು ತಲ್ಯಾಗ ಇಟ್ಗೋರಿ" ಅಂತ ನನಗೂ ಒಬ್ಬರು ಹೇಳಿದ್ದರು. ಒಳ್ಳೆ ಮನುಷ್ಯ, ಚಹಾನೂ ಕುಡಿಸಿದ್ದರು.

ಅವರ ಮಾತು ಕೇಳಿ ನಾನು ಮಾಡಿದ್ದು ಇನ್ನೂ ದೊಡ್ಡ ಕತ್ತೆ ಕೆಲಸ. ಹೇಗೂ ವೆಬ್‌ಗೆ ತಾನೇ ಅಂತ ನನ್ನ ಮೊದಲ ಕಾಮಿಕ್ಸ್‌ನ 18 ಪುಟಗಳನ್ನು ಸ್ಕ್ಯಾನರಿನಲ್ಲೇ 72 ಇಟ್ಟು ತೆಗೆದೆ. ಸ್ಕ್ಯಾನರಿನಲ್ಲಿ ಮಾತ್ರ ಡಿಪಿಐ ನಿಜವಾದದ್ದು, ಅಲ್ಲೇ ಸಸಿ ಹುಟ್ಟೋದು. ಎರಡು ಮಳೆಗಾಲ ಕಳೆದು ಅಟ್ಟದ ಮೇಲಿನ ಡಬ್ಬ ತೆಗೆದರೆ ಮೂಲ ಹಾಳೆಗಳಿಗೆ ಗೆದ್ದಲು. ಈಗ ಉಳಿದಿರೋದು 595 ಪಿಕ್ಸೆಲ್ ಅಗಲದ ನಕಲು. ಅದನ್ನು 300ರಲ್ಲಿ ಅಚ್ಚು ಹಾಕಿಸಿದರೆ ಒಂದು ಪುಟ ಎರಡು ಇಂಚು ಅಗಲ ಬರುತ್ತದೆ. ಬೆಂಕಿಪೊಟ್ಟಣದಷ್ಟು. ಅದಕ್ಕೇ ಈ ವಿಷಯದಲ್ಲಿ ನನ್ನ ದನಿ ಸ್ವಲ್ಪ ಏರುತ್ತೆ, ಬೇಜಾರು ಮಾಡ್ಕೋಬೇಡಿ.

ಹಾಗಾಗಿ ಸ್ಕ್ಯಾನ್ ಮಾಡುವಾಗ ಜಿಪುಣತನ ಬೇಡ. ಇಂಕ್ ಗೆರೆಯ ಚಿತ್ರಕ್ಕೆ 600 ಡಿಪಿಐ, ಗ್ರೇಸ್ಕೇಲ್ (ಕಪ್ಪು, ಬಿಳಿ, ನಡುವಿನ ಬೂದುಗಳು). ಎ4 ಹಾಳೆ 4960ಕ್ಕೆ 7016 ಪಿಕ್ಸೆಲ್ ಆಗುತ್ತದೆ. ಜಲವರ್ಣದ ಪುಟವಾದರೆ 300 ಸಾಕು, ಬಣ್ಣದಲ್ಲಿ. ಸ್ಕ್ಯಾನರಿನಲ್ಲಿ ಬ್ಲಾಕ್ ಅಂಡ್ ವೈಟ್ ಅಂತ ಒಂದು ಆಯ್ಕೆ ಇರುತ್ತದೆ, ಪಹಣಿ ನಕಲು ತೆಗೆಯೋಕೆ ಅದು ಸರಿ. ಚಿತ್ರಕ್ಕೆ ಬೇಡ. ಅದರಲ್ಲಿ ಕಪ್ಪು ಇಲ್ಲವೇ ಬಿಳಿ, ನಡುವೆ ಬೂದು ಇಲ್ಲ. ಚಿಕ್ಕದು ಮಾಡುವಾಗ ಗೆರೆಯ ಅಂಚು ನುಣುಪಾಗಿ ಕಾಣೋದೇ ಆ ನಡುವಿನ ಬೂದುಗಳಿಂದ. ಅವಿಲ್ಲದೆ ಕುಗ್ಗಿಸಿದರೆ ಗೆರೆಗಳು ಗರಗಸದ ಹಲ್ಲಿನ ಹಾಗೆ ಬರುತ್ತವೆ. ಈಗಾಗಲೇ ಹಾಗೆ ಸ್ಕ್ಯಾನ್ ಮಾಡಿಬಿಟ್ಟಿದ್ದರೆ ಮೊದಲು ಗ್ರೇಸ್ಕೇಲ್‌ಗೆ ಬದಲಿಸಿ, ಆಮೇಲೆ ಕುಗ್ಗಿಸಿ.

ಅಂದಹಾಗೆ ಆ ಫೈಲನ್ನು ಅಂಗಡಿಯಿಂದ ವಾಟ್ಸಾಪ್‌ನಲ್ಲಿ ಫೋಟೋ ಅಂತ ತರಿಸಿಕೊಳ್ಳಬೇಡಿ. ಅದು ದಾರಿಯಲ್ಲೇ ಹಿಂಡಿ ಕಳಿಸುತ್ತದೆ. ಡಾಕ್ಯುಮೆಂಟ್ ಅಂತ ಕಳಿಸೋಕೆ ಹೇಳಿ, ಇಲ್ಲಾಂದ್ರೆ ಪೆನ್‌ಡ್ರೈವ್ ಒಯ್ಯಿರಿ.

ಸ್ಕ್ಯಾನ್ ಬಂದ ಮೇಲೆ ಕಪ್ಪು-ಬಿಳುಪು ಹೊಂದಿಸುವ ಲೆವೆಲ್ಸ್‌ನಲ್ಲಿ ಕಾಗದದ ಬೂದು ಬಣ್ಣ ಬಿಳಿಯಾಗೋ ತನಕ, ಇಂಕು ಸರಿಯಾಗಿ ಕಪ್ಪಾಗೋ ತನಕ ಎಳೆಯಿರಿ. ಈ ದೊಡ್ಡ ಫೈಲನ್ನು ಹಾಗೇ ಒಂದು ಕಡೆ ಇಟ್ಟುಬಿಡಿ, ಅದೇ ನಿಮ್ಮ ಬೀಜದ ಭತ್ತ, ಅದಕ್ಕೆ ಕೈ ಹಾಕಬೇಡಿ. ಅದರ ನಕಲು ತೆಗೆದು ಗಿಂಪ್‌ನಲ್ಲಿ ಸ್ಕೇಲ್ ಇಮೇಜ್‌ಗೆ ಹೋಗಿ ಅಗಲ 1080 ಹೊಡೆಯಿರಿ. ಒಂದೇ ಸಲಕ್ಕೆ. ಮೊದಲು 2000, ಆಮೇಲೆ 1500, ಆಮೇಲೆ 1080 ಅಂತ ಮೆಟ್ಟಿಲು ಇಳಿಸೋದು ಬೇಡ, ಪ್ರತಿ ಮೆಟ್ಟಿಲಿಗೂ ಸ್ವಲ್ಪ ಮಸುಕು ಸೇರುತ್ತದೆ. ಇಂಟರ್‌ಪೋಲೇಶನ್ ಅನ್ನೋ ಜಾಗದಲ್ಲಿ ನನ್ (None) ಅಂತ ಇದ್ದರೆ ಕ್ಯೂಬಿಕ್ ಮಾಡಿ. ಕೊನೆಗೆ ಚೂರು ಶಾರ್ಪನ್, ಅಡುಗೆಗೆ ಉಪ್ಪು ಹಾಕಿದಷ್ಟೇ.

ಗೆರೆಯ ಚಿತ್ರ ಪಿಎನ್‌ಜಿ ಆಗಿ ಉಳಿಸಿ. ಜೆಪೆಗ್ ಮಾಡಿ ಕ್ವಾಲಿಟಿ ಇಳಿಸಿದರೆ ಕಪ್ಪು ಗೆರೆಗಳ ಸುತ್ತ ಗುಂಗಾಡು ಮುತ್ತಿದ ಹಾಗೆ ಬೂದು ಚುಕ್ಕೆ ಏಳುತ್ತವೆ. ಬಣ್ಣದ ಚಿತ್ರಕ್ಕೆ ಜೆಪೆಗ್ ಆದೀತು.

ಇಷ್ಟೆಲ್ಲ ಮಾಡಿಯೂ ಕೆಲವರ ಗೆರೆ ಸಪ್ಪೆ. ಅವರಿಗೆ ಒಂದು ಸಣ್ಣ ಗಣಿತ. ಎ4 ಪುಟವನ್ನು 1080 ಪಿಕ್ಸೆಲ್‌ಗೆ ಇಳಿಸಿದರೆ ಹಾಳೆಯ ಒಂದು ಮಿಲಿಮೀಟರಿಗೆ ಸಿಗೋದು ಐದು ಪಿಕ್ಸೆಲ್. ನಿಮ್ಮ 0.1 ಪೆನ್ನಿನ ಗೆರೆಗೆ ಅರ್ಧ ಪಿಕ್ಸೆಲ್. ಅರ್ಧ ಪಿಕ್ಸೆಲ್ ಅಂತ ಒಂದು ವಸ್ತು ಇಲ್ಲ, ಹಾಗಾಗಿ ಅದು ಒಂದು ಪಿಕ್ಸೆಲ್‌ನ ಬೂದು ಆಗುತ್ತದೆ. 0.3 ಪೆನ್ನಿಗೆ ಒಂದೂವರೆ ಪಿಕ್ಸೆಲ್, ಕಪ್ಪು ಉಳಿಯುತ್ತದೆ. 0.5ಕ್ಕೆ ಎರಡೂವರೆ. ಹಿರೇಬೆಣಕಲ್‌ನ ಕಲ್ಲಿನ ಮನೆಗಳನ್ನು ಒಬ್ಬರು 0.1 ಪೆನ್ನಿನಲ್ಲಿ ಒತ್ತೊತ್ತಾಗಿ ಅಡ್ಡಗೆರೆ ಎಳೆದು ಬಿಡಿಸಿದ್ದರು, ಹಾಳೆಯ ಮೇಲೆ ಕೈಯಿಟ್ಟರೆ ಕಲ್ಲೇ ತಾಗಿದ ಹಾಗಿತ್ತು. ಕುಗ್ಗಿಸಿದ ಮೇಲೆ ಬಂಡೆಗಳ ಮೇಲೆಲ್ಲ ರೇಷ್ಮೆ ಸೀರೆಯ ಹಾಗೆ ಅಲೆ ಅಲೆ. ಗೆರೆಗಳ ನಡುವಿನ ಜಾಗ ಪಿಕ್ಸೆಲ್‌ಗಿಂತ ಕಿರಿದಾದರೆ ಹೀಗಾಗುತ್ತದೆ. ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ಸರಿ ಮಾಡಲ್ಲ. ಕಿನ್ನಾಳದ ಗೌರಿ ಗೊಂಬೆಯ ಕಣ್ಣು ನೋಡಿ, ದೂರದಿಂದ ಕಾಣಬೇಕು ಅಂತ ಗೊತ್ತಿದ್ದೇ ಬರೆದ ಗೆರೆ ಅದು. ನೀವೂ ಹಾಳೆಯನ್ನು ಮಾರುದೂರ ಇಟ್ಟು ನೋಡಿಕೊಂಡು ಪೆನ್ನು ಆರಿಸಿ.

ಇನ್ನೊಂದು ವಿಷಯ, ಇದನ್ನು ನೀವು ಕೇಳಲಿಲ್ಲ. ಯಾರೂ ಕೇಳಲ್ಲ, ಆದರೆ ಕೇಳಬೇಕಾದದ್ದು ಇದನ್ನೇ. ನೀವು ಅಕ್ಷರವನ್ನೂ ಹಾಳೆಯ ಮೇಲೇ ಬರೆದಿದ್ದೀರಿ. 21 ಸೆಂಟಿಮೀಟರಿನ ಹಾಳೆ ಸುಮಾರು 7 ಸೆಂಟಿಮೀಟರಿನ ಫೋನಿನಲ್ಲಿ ಕಾಣುವಾಗ ಎಲ್ಲವೂ ಮೂರನೇ ಒಂದಂಶ. 6 ಮಿಲಿಮೀಟರಿನ ಅಕ್ಷರ 2 ಮಿಲಿಮೀಟರ್ ಆಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳಾದರೆ ಅದರಲ್ಲೂ ಒದ್ದಾಡಿ ಓದಬಹುದು. ಕನ್ನಡದಲ್ಲಿ ಆ 2 ಮಿಲಿಮೀಟರಿನೊಳಗೇ ಒತ್ತಕ್ಷರವೂ ಕೂರಬೇಕು. 'ರಾಷ್ಟ್ರ' ಅಂತ ಬರೆದು ಕುಗ್ಗಿಸಿ ನೋಡಿ, ಷಕಾರದ ಕೆಳಗೆ ಜೇಡರಬಲೆ ಕಟ್ಟಿದ ಹಾಗಿರುತ್ತದೆ. ಅದಕ್ಕಿಂತ ಕೆಟ್ಟದ್ದು ಸಣ್ಣ ಸೀಳುಗಳದ್ದು. ಡಕಾರಕ್ಕೂ ಢಕಾರಕ್ಕೂ, ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು ಅಷ್ಟೇ. ಥಕಾರದ್ದು ಹೊಟ್ಟೆಯೊಳಗಿನ ಒಂದು ಚುಕ್ಕೆ. ಇವೆಲ್ಲ ಎರಡು ಮೂರು ಪಿಕ್ಸೆಲ್ಲಿನ ವ್ಯವಹಾರ, ಕುಗ್ಗಿಸುವಾಗ ಮೊದಲು ಹೋಗೋದೇ ಇವು.

ಹಾಗಾಗಿ ಚಿತ್ರ ಹಾಳೆಯಲ್ಲಿರಲಿ, ಮಾತು ಕಂಪ್ಯೂಟರಿನಲ್ಲಿರಲಿ. ಗುಳ್ಳೆ ಖಾಲಿ ಬಿಟ್ಟು ಸ್ಕ್ಯಾನ್ ಮಾಡಿ, 1080ಕ್ಕೆ ಇಳಿಸಿ, ಆಮೇಲೆ ಬೇರೆ ಲೇಯರ್‌ನಲ್ಲಿ ಯೂನಿಕೋಡ್ ಫಾಂಟಿನಲ್ಲಿ ಟೈಪ್ ಮಾಡಿ. ಅಕ್ಷರ 36 ಪಿಕ್ಸೆಲ್‌ಗಿಂತ ಕಡಿಮೆ ಬೇಡ, ಸಾಲಿನ ನಡುವೆ ಒತ್ತಿಗೆ ಉಸಿರಾಡೋ ಜಾಗ ಬಿಡಿ. ಹಳೆಯ ಫೋಟೋಶಾಪ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಪ್ರಿಫರೆನ್ಸಸ್‌ನ ಟೈಪ್ ಪುಟದಲ್ಲಿ ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷಿಯನ್ ಆರಿಸಿ ಮತ್ತೆ ತೆರೆಯಿರಿ. ನನಗೆ ಕೈಬರಹವೇ ಬೇಕು ಅನ್ನುವ ಹಟವಿದ್ದರೆ (ನನಗೂ ಇತ್ತು) ಗುಳ್ಳೆಯನ್ನು ಈಗಿನ ಎರಡರಷ್ಟು ಮಾಡಿ, ಮಾತನ್ನು ಅರ್ಧ ಮಾಡಿ.

ನನ್ನ ಹಟ ಬಿಟ್ಟಿದ್ದು ಹೇಗೆ ಅಂದರೆ, ಒಂದು ಪುಟದಲ್ಲಿ ಸಾಹುಕಾರ ಬಾಗಿಲು ತೆರೆದು ಕೈಯೆತ್ತಿ ಖುಷಿಯಿಂದ "ಧನ ಬಂತು! ಧನ ಬಂತು!" ಅಂತ ಕೂಗಬೇಕಿತ್ತು. ಕುಗ್ಗಿಸಿದಾಗ ಸೀಳು ಮುಚ್ಚಿಹೋಗಿತ್ತು, ನಾನು ಗಮನಿಸಲಿಲ್ಲ. ಮರುದಿನ ಓದುಗರೊಬ್ಬರು ಕೇಳಿದರು: "ಸರ, ದನ ಬಂತು ಅಂತಾನ, ಚಿತ್ರದಾಗ ಎಲ್ಲೈತ್ರಿ?"