ರಿವರ್ಸ್ ಸೂರಲ್ ಫ್ಲ್ಯಾಪ್: ಕವಾಟ ಇರುವ ಸಿರೆಯಲ್ಲಿ ರಕ್ತ ಉಲ್ಟಾ ಇಳಿಯುವುದು ಹೇಗೆ?

ಸೈಕಲ್ ಹಿಂದೆ ಕೂತ ಮಗುವಿನ ಕಾಲು ಚಕ್ರಕ್ಕೆ ಸಿಕ್ಕಿದರೆ ಹೆಚ್ಚಾಗಿ ಕಿತ್ತುಹೋಗುವುದು ಹಿಮ್ಮಡಿಯ ಹಿಂದಿನ ಚರ್ಮ. ಕೆಳಗಿನ ಅಕಿಲಿಸ್ ಟೆಂಡನ್ ಬಯಲಾಗುತ್ತದೆ. ಅದರ ಮೇಲಿನ ಪ್ಯಾರಾಟೆನಾನ್ (ರಕ್ತನಾಳಗಳಿರುವ ತೆಳು ಹೊದಿಕೆ) ಉಳಿದಿದ್ದರೆ ಸ್ಕಿನ್ ಗ್ರಾಫ್ಟ್, ಅಂದರೆ ಬೇರೆ ಕಡೆಯಿಂದ ತೆಗೆದು ಹಾಕಿದ ತೆಳು ಚರ್ಮ, ಹಿಡಿಯುತ್ತದೆ. ಅದೂ ಹೋಗಿದ್ದರೆ ಫ್ಲ್ಯಾಪ್ ಬೇಕು, ಅಂದರೆ ತನ್ನದೇ ರಕ್ತನಾಳಗಳ ಸಮೇತ ತಂದು ಮುಚ್ಚುವ ಚರ್ಮದ ತುಂಡು. ಮಕ್ಕಳಲ್ಲಿ ಇನ್ನೊಂದು ವಿಷಯ: ತೆಳು ಗ್ರಾಫ್ಟ್ ಕುಗ್ಗುತ್ತದೆ, ಕಾಲು ಮಾತ್ರ ಬೆಳೆಯುತ್ತಲೇ ಇರುತ್ತದೆ.

ಇಲ್ಲಿಗೆ ಬಳಸುವ ಒಂದು ಫ್ಲ್ಯಾಪ್ ರಿವರ್ಸ್ ಸೂರಲ್. ಈಗ ತಲೆ ತಿಂದ ಭಾಗ. ಮೀನಖಂಡದ ಚರ್ಮ, ಫ್ಯಾಸಿಯಾ (ಸ್ನಾಯುವಿನ ಮೇಲಿನ ಗಟ್ಟಿ ಪೊರೆ), ಸೂರಲ್ ನರ, ಅದರ ಪಕ್ಕದ ಶಾರ್ಟ್ ಸಫೀನಸ್ ಸಿರೆ ಎಲ್ಲವನ್ನೂ ಒಟ್ಟಿಗೆ ಎತ್ತಿ, ಮೇಲಿನ ತುದಿ ಕತ್ತರಿಸಿ, ಕೆಳಕ್ಕೆ ತಿರುಗಿಸುತ್ತಾರೆ. ರಕ್ತ ಒಳಗೆ ಬರುವುದು ಕೆಳಗಿನಿಂದ. ಕಾಲಿನೊಳಗಿನ ಪೆರೋನಿಯಲ್ ಅಪಧಮನಿಯ ಪರ್ಫೊರೇಟರ್‌ಗಳು (ಆಳದಿಂದ ಚರ್ಮದ ಕಡೆಗೆ ಬರುವ ಸಣ್ಣ ಕವಲುಗಳು) ನರದ ಜೊತೆಗಿನ ಸಣ್ಣ ನಾಳಗಳ ಜಾಲಕ್ಕೆ ರಕ್ತ ಕೊಡುತ್ತವೆ. ಅಪಧಮನಿಯಲ್ಲಿ ಕವಾಟ ಇಲ್ಲ, ಉಲ್ಟಾ ಹರಿದರೂ ತೊಂದರೆಯಿಲ್ಲ. ಸಿರೆಯಲ್ಲಿ ಇದೆ ಅಲ್ವಾ! ಕವಾಟ ತೆರೆಯುವುದು ಹೃದಯದ ಕಡೆಗೆ, ರಕ್ತ ಇಳಿಯಬೇಕಾದದ್ದು ಪಾದದ ಕಡೆಗೆ. ದಾರಿ ಹೀಗೆ: ದೊಡ್ಡ ಸಿರೆಯ ಪಕ್ಕದಲ್ಲೇ ಸಣ್ಣ ಸಿರೆಗಳಿವೆ, ಅವು ಕವಾಟದ ಮೇಲೂ ಕೆಳಗೂ ಅದಕ್ಕೆ ಸೇರಿಕೊಂಡಿವೆ. ಟೋಲ್ ತಪ್ಪಿಸಿ ಸರ್ವಿಸ್ ರಸ್ತೆಯಲ್ಲಿ ಹೋದ ಹಾಗೆ ರಕ್ತ ಸುತ್ತಿ ಇಳಿಯುತ್ತದೆ. ಸರ್ವಿಸ್ ರಸ್ತೆ ಯಾವಾಗಲೂ ಇಕ್ಕಟ್ಟು. ಅದಕ್ಕೇ ಈ ಫ್ಲ್ಯಾಪ್‌ನ ದೊಡ್ಡ ಕಾಟ ಸಿರೆಯ ಕಡೆಯದ್ದು. ಪೆಡಿಕಲ್, ಅಂದರೆ ಫ್ಲ್ಯಾಪ್‌ಗೆ ರಕ್ತ ತರುವ ತೊಟ್ಟು, ಅಗಲವಾಗಿಯೇ ಇರಲಿ. ಅದನ್ನು ಬಿಗಿಯಾದ ಚರ್ಮದ ಸುರಂಗದಲ್ಲಿ ತೂರಿಸಬಾರದು, ಆ ಚರ್ಮ ಸೀಳಿ ಬಿಡುವುದೇ ವಾಸಿ. ಆಮೇಲೆ ಕಾಲು ಎತ್ತರದಲ್ಲಿರಬೇಕು, ಹಿಮ್ಮಡಿ ಹಾಸಿಗೆಗೆ ಒತ್ತಬಾರದು. ಫ್ಲ್ಯಾಪ್ ನೀಲಿಯಾಗಿ, ಒತ್ತಿ ಬಿಟ್ಟ ಕೂಡಲೇ ಬಣ್ಣ ತುಂಬಿದರೆ ಸಿರೆ ಕಟ್ಟಿದೆ. ಬಿಳಿಚಿಕೊಂಡು ನಿಧಾನ ತುಂಬಿದರೆ ಅಪಧಮನಿ.

ಪಿವಟ್ ಪಾಯಿಂಟ್ (ಫ್ಲ್ಯಾಪ್ ತಿರುಗುವ ಬಿಂದು) ಹೊರಗಿನ ಹರಡಿನಿಂದ 5 ಸೆಂ.ಮೀ. ಮೇಲೆ ಅಂತ ಓದುತ್ತೇವೆ. ಅದು ದೊಡ್ಡವರ ಕಾಲಿನ ಲೆಕ್ಕ. ನಾಲ್ಕು ವರ್ಷದ ಮಗುವಿಗೆ ಸುಮ್ನೆ ಅದನ್ನೇ ಹಚ್ಚಬೇಡಿ, ಡಾಪ್ಲರ್ (ರಕ್ತದ ಹರಿವನ್ನು ಶಬ್ದದಿಂದ ಪತ್ತೆ ಮಾಡುವ ಸಾಧನ) ಹಿಡಿದು ಪರ್ಫೊರೇಟರ್ ಹುಡುಕಬೇಕು.

ಅಳತೆಗೆ ನನಗೆ ತುಂಬ ಹಿಡಿಸಿದ ಉಪಾಯ: ಗಾಯದ ಆಕಾರಕ್ಕೆ, ಪೆಡಿಕಲ್ ಸಮೇತ, ಬಟ್ಟೆ ಕತ್ತರಿಸಿ. ಪಿವಟ್ ಹತ್ತಿರ ಬೆರಳಿಂದ ಒತ್ತಿ ಹಿಡಿದು ಮೀನಖಂಡದ ಕಡೆಗೆ ತಿರುಗಿಸಿ. ಅದು ಬಿದ್ದ ಜಾಗವೇ ಫ್ಲ್ಯಾಪ್. ಉದ್ದ ಒಂದು ಸೆಂ.ಮೀ. ಜಾಸ್ತಿ ಇರಲಿ, ತಿರುವಿನಲ್ಲಿ ಎಳೆತ ಬೀಳಬಾರದು.

ಫ್ರಾನ್ಸಿನ ಸರ್ಜನ್ ಮಸ್ಕೆಲೆ ತಂಡದ 1992ರ ಲೇಖನದ ನಂತರ ಇದು ಹೆಚ್ಚು ಬಳಕೆಗೆ ಬಂತು. ಸೂರಲ್ ನರ ಹೋಗುವುದರಿಂದ ಪಾದದ ಹೊರ ಅಂಚು ಮರಗಟ್ಟುತ್ತದೆ. ಮೀನಖಂಡದ ಗಾಯ ದೊಡ್ಡದಿದ್ದರೆ ಅಲ್ಲಿಗೆ ಗ್ರಾಫ್ಟ್ ಹಾಕಬೇಕು, ಗುರುತು ಉಳಿಯುತ್ತದೆ. ಇವೆರಡನ್ನೂ ಅಪ್ಪ ಅಮ್ಮನಿಗೆ ಮೊದಲೇ ಹೇಳಬೇಕು. ಗಾಯ ಪಾದದ ಮುಂಭಾಗಕ್ಕೂ ಹಬ್ಬಿದ್ದರೆ ಈ ಫ್ಲ್ಯಾಪ್ ಎಟುಕುವುದು ಕಷ್ಟ, ಆಗ ಫ್ರೀ ಫ್ಲ್ಯಾಪ್ (ಪೂರ್ತಿ ಬಿಡಿಸಿ ತಂದು, ರಕ್ತನಾಳಗಳನ್ನು ಹೊಸ ಜಾಗದಲ್ಲಿ ಹೊಲಿಯುವ ಫ್ಲ್ಯಾಪ್) ಯೋಚಿಸುತ್ತಾರೆ.