ಇನ್ನೂರು ಪುಟದಲ್ಲಿ ಒಂದು ಪದ

ಇನ್ನೂರು ಪುಟದ ಫೈಲು. ನಡುವೆ ಎಲ್ಲೋ ಬರೆದ ಒಂದು ಸಾಲು ಈಗಲೇ ಬೇಕು. ಮೌಸಿನ ಚಕ್ರ ತಿರುಗಿಸುತ್ತಾ ಕೂರುವವರು ಇನ್ನೂ ಇದ್ದಾರೆ. ಉಳಿದವರು ಕಂಟ್ರೋಲ್-ಎಫ್ ಒತ್ತಿ ಪದ ಟೈಪ್ ಮಾಡುತ್ತಾರೆ, ತಕ್ಷಣ ಸಿಗುತ್ತದೆ. ಕಂಪ್ಯೂಟರ್ ಅಷ್ಟನ್ನೂ ಓದಿಬಿಟ್ಟಿತು ಅನಿಸುತ್ತದೆ, ಅಲ್ವಾ? ಅದು ಓದುವುದೇ ಇಲ್ಲ. ಅದರ ಪಾಲಿಗೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. ನಾವು ಕೊಟ್ಟ ಸಂಖ್ಯೆಗಳು ಅದೇ ಕ್ರಮದಲ್ಲಿ ಫೈಲಿನಲ್ಲಿ ಎಲ್ಲಿವೆ ಎಂದು ತಾಳೆ ನೋಡುತ್ತದೆ, ಅಷ್ಟೇ.

ತಾಳೆ ನೋಡುವುದರಲ್ಲೂ ಜಾಣತನ ಬೇಕು. ಮೊದಲ ಅಕ್ಷರದಿಂದ ಶುರುಮಾಡಿ ಒಂದೊಂದೇ ಜಾಗ ಮುಂದೆ ಸರಿಯುವುದು ಪೆದ್ದು ದಾರಿ. 1977ರಲ್ಲಿ ರಾಬರ್ಟ್ ಬೋಯರ್ ಮತ್ತು ಜೆ ಸ್ಟ್ರೋದರ್ ಮೂರ್ ಪ್ರಕಟಿಸಿದ ವಿಧಾನ ಪದವನ್ನು ಕೊನೆಯಿಂದ ಹೋಲಿಸುತ್ತದೆ. ಹುಡುಕುವ ಪದದಲ್ಲಿ ಹತ್ತು ಅಕ್ಷರ ಇದೆ ಅನ್ನಿ. ಫೈಲಿನ ಹತ್ತನೇ ಅಕ್ಷರವನ್ನೇ ಮೊದಲು ನೋಡಬೇಕು. ಅದು ನಮ್ಮ ಪದದಲ್ಲಿ ಎಲ್ಲೂ ಇಲ್ಲದ ಅಕ್ಷರವೇ? ಹಾಗಾದರೆ ಈ ಹತ್ತು ಜಾಗದಲ್ಲಿ ಎಲ್ಲಿಂದಲೂ ಆ ಪದ ಶುರುವಾಗುವುದಿಲ್ಲ. ಹಿಂದಿನ ಒಂಬತ್ತನ್ನು ಮುಟ್ಟದೆಯೇ ಹತ್ತು ಜಾಗ ಹಾರಿಬಿಡಬಹುದು. ಅಂದರೆ ಪದ ಉದ್ದವಾದಷ್ಟೂ ಹುಡುಕಾಟ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ! ಕೆಲಸ ಜಾಸ್ತಿಯಾಗಬೇಕಿತ್ತಲ್ಲ ಎಂದು ಮನಸ್ಸು ತಕರಾರು ತೆಗೆಯುತ್ತದೆ. ಲೆಕ್ಕ ಮಾತ್ರ ಸರಿಯಾಗಿದೆ.

ಆದರೆ ಸಂಖ್ಯೆಯೇ ಬೇರೆಯಾಗಿದ್ದರೆ ಈ ಜಾಣತನವೆಲ್ಲ ದಂಡ. ‘ಅಂಕ’ ಎನ್ನುವಾಗ ಬರುವ ಅನುಸ್ವಾರಕ್ಕೆ, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪಟ್ಟಿಯಾದ ಯುನಿಕೋಡ್‌ನಲ್ಲಿ 3202 ಎಂಬ ಸಂಖ್ಯೆ. ಕನ್ನಡ ಅಂಕಿಯ ಸೊನ್ನೆಗೆ 3302. ಎರಡೂ ನೋಡಲು ಒಂದು ಪುಟ್ಟ ಉಂಗುರ. ಯಾರೋ ಅನುಸ್ವಾರದ ಬದಲು ಸೊನ್ನೆ ಒತ್ತಿದ್ದರೆ ಪದ ಕಣ್ಣೆದುರೇ ಇರುತ್ತದೆ, ಕಂಪ್ಯೂಟರ್ ಮಾತ್ರ ‘ಸಿಗಲಿಲ್ಲ’ ಅನ್ನುತ್ತದೆ. ಸಿಟ್ಟು ಬರುವುದು ಸಹಜ.

ವಿಭಕ್ತಿಗಳದ್ದು ಇನ್ನೊಂದು ಕಥೆ. ‘ಕಾಡು’ ಎಂದು ಹುಡುಕಿದರೆ ‘ಕಾಡಿನ’, ‘ಕಾಡನ್ನು’ ತಪ್ಪಿಸಿಕೊಳ್ಳುತ್ತವೆ. ‘ಡು’ ನಮಗೆ ಒಂದೇ ಅಕ್ಷರ, ಯುನಿಕೋಡ್‌ನಲ್ಲಿ ‘ಡ’ ಬೇರೆ, ಕೊಂಬು ಬೇರೆ. ಆ ಕೊಂಬು ಬಿಟ್ಟು ‘ಕಾಡ’ ಎಂದಷ್ಟೇ ಕೊಟ್ಟು ನೋಡಿ. ಸಾಮಾನ್ಯವಾಗಿ ಎಲ್ಲ ರೂಪಗಳೂ ಬಲೆಗೆ ಬೀಳುತ್ತವೆ. ಕಣ್ಣಿಗೆ ಹಚ್ಚುವ ಕಾಡಿಗೆಯೂ ಜೊತೆಗೆ ಬರುತ್ತದೆ, ಇರಲಿ ಬಿಡಿ. ಪೂರ್ತಿ ಪದ ಮಾತ್ರ ಹುಡುಕು ಎಂಬ ಆಯ್ಕೆಯಲ್ಲಿ ಟಿಕ್ ಇದ್ದರೆ ಮೊದಲು ತೆಗೆಯಿರಿ.

ಪದವೇ ನೆನಪಿಲ್ಲದಾಗ? ಆಗ ಶೀರ್ಷಿಕೆಗಳೇ ಗತಿ. ಬಹಳ ಜನ ಶೀರ್ಷಿಕೆಯನ್ನು ಸುಮ್ನೆ ದಪ್ಪ ಮಾಡಿ, ಸೈಜ್ ಏರಿಸಿ ಬಿಡುತ್ತಾರೆ. ಓದುವವರಿಗೆ ಅದು ಶೀರ್ಷಿಕೆ. ಸಾಫ್ಟ್‌ವೇರ್‌ಗೆ ದಪ್ಪಕ್ಷರದ ಇನ್ನೊಂದು ಸಾಲು. ಹೆಡಿಂಗ್ ಸ್ಟೈಲ್ ಹಾಕಿದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಆಮೇಲೆ ವರ್ಡ್‌ನ ನ್ಯಾವಿಗೇಶನ್ ಪೇನ್‌ನಲ್ಲಿ ಇಡೀ ಫೈಲಿನ ಹಂದರ ಪಕ್ಕದಲ್ಲೇ ಕಾಣುತ್ತದೆ. ಲಿಬ್ರೆ ಆಫೀಸ್‌ನಲ್ಲಿ ಎಫ್5 ಒತ್ತಿದರೆ ಇಂಥದ್ದೇ ಕಿಟಕಿ ತೆರೆಯುತ್ತದೆ. ಶೀರ್ಷಿಕೆಯ ಮೇಲೆ ಕ್ಲಿಕ್ ಮಾಡಿದರೆ (ಲಿಬ್ರೆ ಆಫೀಸ್‌ನಲ್ಲಿ ಎರಡು ಸಲ) ನೇರ ಅಲ್ಲಿಗೇ ಹೋಗುತ್ತೀರಿ. ವರ್ಡ್‌ನಲ್ಲಿ ಅದನ್ನು ಹಿಡಿದು ಮೇಲಕ್ಕೋ ಕೆಳಕ್ಕೋ ಎಳೆದರೆ ಅದರಡಿಯ ಪುಟಗಳೆಲ್ಲ ಹಿಂದೆಯೇ ಬರುತ್ತವೆ. ಅಧ್ಯಾಯದ ಜಾಗ ಬದಲಿಸಲು ಕಟ್-ಪೇಸ್ಟ್ ಮಾಡುವ ತಾಪತ್ರಯವೇ ಇಲ್ಲ.

ಇನ್ನು, ಏನನ್ನೋ ನೋಡಲು ಹೋಗಿ ಬರೆಯುತ್ತಿದ್ದ ಜಾಗವೇ ತಪ್ಪಿಹೋದರೆ, ವರ್ಡ್‌ನಲ್ಲಿ ಶಿಫ್ಟ್ ಹಿಡಿದು ಎಫ್5 ಒತ್ತಿ. ಕೊನೆಯ ಮೂರು ತಿದ್ದುಪಡಿಗಳ ಜಾಗ ಅದಕ್ಕೆ ನೆನಪಿರುತ್ತದೆ.